ಅರ್ಜಿಯಲ್ಲಿ ಬರೆಯದ ಕಾಯಿಲೆ

(ಸಂಘದ ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ ಅರ್ಜಿ ಪರಿಶೀಲನಾ ಉಪಸಮಿತಿಯ ಸದಸ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ನಿಧಿಯ ಕಳೆದ ವರ್ಷದ ಲೆಕ್ಕಪತ್ರ. ಲೆಕ್ಕ ಅಚ್ಚಾಗಿ ನಿಮ್ಮ ಕೈಯಲ್ಲೇ ಇದೆ, ಆಡಿಟರ ಸಹಿಯೂ ಇದೆ. ನಾನು 37 ವರ್ಷ ಬ್ಯಾಂಕಿನಲ್ಲಿದ್ದವನು. ಗಟ್ಟಿಯಾಗಿ ಓದಿದ ಲೆಕ್ಕವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂದು ಅನುಭವದಿಂದ ಬಲ್ಲೆ. ಆದ್ದರಿಂದ ಅಧ್ಯಕ್ಷರ ಅಪ್ಪಣೆ ಪಡೆದು, ಆ ಲೆಕ್ಕದಲ್ಲಿ ಎಲ್ಲೂ ಕಾಣದ ಒಂದು ಬಾಬ್ತಿನ ಬಗ್ಗೆ ಮಾತಾಡುತ್ತೇನೆ.

ನಮಗೆ ಬರುವ ಅರ್ಜಿಗಳಲ್ಲಿ ಡಯಾಲಿಸಿಸ್ ಇರುತ್ತದೆ, ಬೈಪಾಸ್ ಇರುತ್ತದೆ, ಕಿಮೋ ಇರುತ್ತದೆ, ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯರ ಅರ್ಜಿ ಇರುತ್ತದೆ. ಕಾಯಿಲೆಯ ಹೆಸರನ್ನು ಜನ ಸ್ಪಷ್ಟವಾಗಿ ಬರೆಯುತ್ತಾರೆ. ಆದರೆ ನಾನು ಉಪಸಮಿತಿಗೆ ಬಂದ ಈ ಮೂರು ವರ್ಷಗಳಲ್ಲಿ 'ಸ್ಟೋಮಾ ಬ್ಯಾಗಿಗೆ ಸಹಾಯ ಬೇಕು' ಎಂಬ ಅರ್ಜಿ ಒಂದೂ ಬಂದಿಲ್ಲ. ಬೇಕಾದವರು ಇಲ್ಲವೆಂದಲ್ಲ. ನನಗೆ ಗೊತ್ತಿರುವ ನಮ್ಮವರೇ ನಾಲ್ಕು ಜನ ಇದ್ದಾರೆ. ಒಬ್ಬರು ಅರ್ಜಿ ಹಾಕಿದ್ದರು, 'ಹೊಟ್ಟೆಯ ತೊಂದರೆ' ಎಂದಷ್ಟೇ ಬರೆದು. ಬಿಲ್ಲುಗಳನ್ನು ಲಗತ್ತಿಸಿರಲಿಲ್ಲ. ಬಿಲ್ ಕೇಳಿ ಪತ್ರ ಹಾಕಿದಾಗ ಅರ್ಜಿಯನ್ನೇ ವಾಪಸು ಪಡೆದರು. ಬಿಲ್ಲಿನಲ್ಲಿ ಆ ಸಾಮಾನಿನ ಹೆಸರು ಇರುತ್ತದಲ್ಲ, ಅದಕ್ಕೆ.

ಸ್ಟೋಮಾ ಎಂದರೆ ಏನು ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು ಕೇಳಿಸುತ್ತಿದೆ. ಹೇಳುತ್ತೇನೆ. ಕೆಲವು ಕಾಯಿಲೆಗಳಲ್ಲಿ ಮಲ ಹೋಗುವ ಸಹಜ ದಾರಿಯನ್ನು ಮುಚ್ಚಬೇಕಾಗುತ್ತದೆ, ಅಥವಾ ಕೆಲವು ತಿಂಗಳು ಅದಕ್ಕೆ ವಿಶ್ರಾಂತಿ ಕೊಡಬೇಕಾಗುತ್ತದೆ. ಆಗ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತಂದು ಹೊಲಿಯುತ್ತಾರೆ. ಅದಕ್ಕೆ ಸ್ಟೋಮಾ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಬಾಯಿ ಎಂದರ್ಥ. ನೋಡಲು ನಮ್ಮ ಕೆನ್ನೆಯ ಒಳಭಾಗದ ಹಾಗೆ ಕೆಂಪಗೆ, ತೇವವಾಗಿ ಇರುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ. ಆದರೆ ತಡೆದು ಹಿಡಿಯುವ ಸ್ನಾಯು ಅಲ್ಲಿಲ್ಲ. ಮಲವಾಗಲಿ ವಾಯುವಾಗಲಿ ಅದರ ಮನಸ್ಸು ಬಂದಾಗ ಹೊರಗೆ ಬರುತ್ತದೆ. ಆದ್ದರಿಂದ ಅದರ ಸುತ್ತ ಫ್ಲಾಂಜ್ ಎಂಬ ಅಂಟಿನ ಬಿಲ್ಲೆ ಹಚ್ಚಿ, ಅದಕ್ಕೆ ಚೀಲ ಸಿಕ್ಕಿಸಿಕೊಳ್ಳಬೇಕು. ಅಷ್ಟೇ ವಿಷಯ.

ನನಗೂ ಒಂದು ಇದೆ. ಇಲ್ಲೇ, ಎಡಗಡೆ, ಈ ಜುಬ್ಬಾದ ಕೆಳಗೆ. ಆರು ವರ್ಷವಾಯಿತು. ಈ ಸಭೆಗೆ ಪ್ರತಿವರ್ಷ ಅದರೊಂದಿಗೇ ಬಂದಿದ್ದೇನೆ, ನಿಮ್ಮ ಪಕ್ಕದಲ್ಲಿ ಕುಳಿತು ಊಟ ಮಾಡಿದ್ದೇನೆ.

2019ರಲ್ಲಿ, ನಿವೃತ್ತಿಯಾಗಿ ನಾಲ್ಕು ತಿಂಗಳಾಗಿತ್ತು, ಮಲದಲ್ಲಿ ರಕ್ತ ಕಾಣಿಸಿತು. ಕೊಲೊನೊಸ್ಕೋಪಿ ಆಯಿತು, ಬಯಾಪ್ಸಿ ಆಯಿತು, ಗುದನಾಳದ ಕ್ಯಾನ್ಸರ್ ಎಂದು ಗೊತ್ತಾಯಿತು. (ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರಕ್ತ ಕಂಡರೆ ನಮ್ಮವರು ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ಔಷಧಿ ಅಂಗಡಿಯಿಂದ ಮುಲಾಮು ತರುತ್ತಾರೆ. ದಯವಿಟ್ಟು ಡಾಕ್ಟರಿಗೆ ತೋರಿಸಿ.) ಗಡ್ಡೆ ತೀರ ಕೆಳಗಿತ್ತು, ತಡೆಹಿಡಿಯುವ ಸ್ನಾಯುವಿಗೆ ತಾಗಿಕೊಂಡಿತ್ತು. ಐದು ವಾರ ರೇಡಿಯೇಷನ್, ಜೊತೆಗೆ ಮಾತ್ರೆ, ಆಮೇಲೆ ಆಪರೇಷನ್, ಶಾಶ್ವತ ಸ್ಟೋಮಾ. ಹಿಂದಿನ ದಿನ ನರ್ಸ್ ಒಬ್ಬರು ಬಂದು ನನ್ನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ, "ಅಂಕಲ್, ಪ್ಯಾಂಟ್ ಎಲ್ಲಿ ಕಟ್ಟುತ್ತೀರಿ? ಊರಲ್ಲಿ ಪಂಚೆ ಎಲ್ಲಿ ಕಟ್ಟುತ್ತೀರಿ?" ಎಂದು ಹಿಂದಿಯಲ್ಲಿ ಕೇಳಿ ಪೆನ್ನಿನಿಂದ ಹೊಟ್ಟೆಯ ಮೇಲೆ ಗುರುತು ಹಾಕಿದರು. ಚರ್ಮದ ಮಡಿಕೆಯಲ್ಲಿ ಸ್ಟೋಮಾ ಬಂದರೆ ಅಂಟು ನಿಲ್ಲುವುದಿಲ್ಲ, ಸೋರುತ್ತದೆ. ಆ ಹುಡುಗಿ ಅಂದು ಖರ್ಚು ಮಾಡಿದ ಹದಿನೈದು ನಿಮಿಷದ ಫಲ ನಾನು ಇವತ್ತಿಗೂ ಉಣ್ಣುತ್ತಿದ್ದೇನೆ.

ಬ್ಯಾಂಕಿನವರ ವೇಷ ನಿಮಗೆ ಗೊತ್ತಲ್ಲ. ಇಸ್ತ್ರಿ ಮಾಡಿದ ಅಂಗಿ ಒಳಗೆ ಸಿಕ್ಕಿಸಿ, ಬೆಲ್ಟ್ ಕಟ್ಟಿ, ಮೀಸೆಗೆ ಕಪ್ಪು ಹಚ್ಚಿ. ಮ್ಯಾನೇಜರ್ ಎಂದರೆ ಹಾಗಿರಬೇಕು ಎಂದು ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಬಿ.ಕಾಂ. ಓದುವಾಗಲೇ ತಲೆಗೆ ಹೋಗಿತ್ತು. ಆಸ್ಪತ್ರೆಯಿಂದ ಬಂದಾಗ ನನ್ನ ತೂಕ 78ರಿಂದ 61ಕ್ಕೆ ಇಳಿದಿತ್ತು. ಕೆನ್ನೆ ಒಳಗೆ ಹೋಗಿ ನಮ್ಮ ತೀರಿಹೋದ ದೊಡ್ಡಪ್ಪನ ಮುಖ ಕಾಣುತ್ತಿತ್ತು. ಎದೆಯಿಂದ ಕೆಳಕ್ಕೆ ಹೊಲಿಗೆಯ ಗೆರೆ, ಪಕ್ಕದಲ್ಲಿ ಚೀಲ. ಕಪಾಟಿನ ಕನ್ನಡಿಗೆ ಬೈರಾಸ ಹಾಕಿದೆ. ಸ್ನಾನಕ್ಕೆ ಹೋಗುವಾಗ ಬಚ್ಚಲಿನ ದೀಪ ಹಾಕುತ್ತಿರಲಿಲ್ಲ. ಸಾವಿನ ಭಯಕ್ಕಿಂತ ನನ್ನನ್ನು ಕಾಡಿದ್ದು ಈ ಅಸಹ್ಯ. ಸಾವಿನ ಭಯವನ್ನಾದರೂ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಜನ ಪಕ್ಕಕ್ಕೆ ಬಂದು ಕೈ ಹಿಡಿಯುತ್ತಾರೆ. ಮಲದ ಮಾತು ಎತ್ತಿದರೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತಾರೆ.

ಎಂಟು ತಿಂಗಳು ನಾನು ಹಾಲಿನ ದಿವಾನದ ಮೇಲೆ ಮಲಗಿದೆ. ರಾತ್ರಿ ಚೀಲ ಬಿಟ್ಟುಕೊಂಡರೆ ಎಂಬ ಹೆದರಿಕೆ ಒಂದು, ಇನ್ನೊಂದನ್ನು ಈ ಸಭೆಯಲ್ಲಿರುವ ಗಂಡ ಹೆಂಡಿರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಒಂದು ರಾತ್ರಿ ನನ್ನ ಹೆಂಡತಿ ಬಂದು, "ಇವ್ರೇ, ಆಸ್ಪತ್ರೆಯಲ್ಲಿ ಹದಿಮೂರು ದಿನ ನಿಮ್ಮ ಚೀಲ ಖಾಲಿ ಮಾಡಿದ್ದು ಯಾರು? ನಾನು ನೋಡದ್ದು ಇನ್ನೆಂತ ಉಂಟು?" ಎಂದು ದಿಂಬು ಎತ್ತಿಕೊಂಡು ಒಳಗೆ ಹೋದಳು. ದಿಂಬಿಲ್ಲದೆ ನಿದ್ದೆ ಬಾರದ ವಯಸ್ಸು. ನಾನೂ ಒಳಗೆ ಹೋದೆ.

ಊರಿಗೆ ಹೋದಾಗ ಇನ್ನೊಂದು ಕಷ್ಟ. ನಮ್ಮ ಕರಾವಳಿಯ ಕೊಲ್ಲೂರು, ಧರ್ಮಸ್ಥಳ, ಉಡುಪಿ ಕೃಷ್ಣಮಠ ಇಲ್ಲೆಲ್ಲ ಗಂಡಸರು ಅಂಗಿ ಬನಿಯನ್ ತೆಗೆದೇ ಒಳಗೆ ಹೋಗಬೇಕು. ಎರಡು ವರ್ಷ ನಾನು ಹೊರಗೆ ನಿಂತು "ನೀವೆಲ್ಲ ಹೋಗಿ ಬನ್ನಿ, ನಾನು ಚಪ್ಪಲಿ ನೋಡಿಕೊಳ್ಳುತ್ತೇನೆ" ಎನ್ನುತ್ತಿದ್ದೆ. ಮೊಮ್ಮಗಳಂತೂ ಅಜ್ಜನ ಕೆಲಸವೇ ಅದು ಎಂದು ತಿಳಿದಿದ್ದಳು. ಅಂಗಿಯ ಮಾತು ಹಾಗಿರಲಿ, ಮೈಲಿಗೆಯ ಪ್ರಶ್ನೆಯೂ ಇತ್ತು. ಮೈಮೇಲೆ ಅದನ್ನು ಕಟ್ಟಿಕೊಂಡು ದೇವರ ಮುಂದೆ ನಿಲ್ಲಬಹುದೇ? ಕಡೆಗೆ ನಮ್ಮೂರ ದೇವಸ್ಥಾನದ ವೃದ್ಧ ಅರ್ಚಕರಲ್ಲಿ ಕೇಳಿದೆ. ಅವರು ಎಲೆಯಡಿಕೆ ಹಾಕಿಕೊಳ್ಳುತ್ತಾ, "ಒಳಗೆ ಬರುವವರೆಲ್ಲ ಅದನ್ನು ಹೊತ್ತೇ ಬರುವುದಲ್ಲವೋ ಮಾರಾಯ. ಅವರದ್ದು ಕರುಳಿನಲ್ಲಿ, ನಿನ್ನದು ಚೀಲದಲ್ಲಿ. ಸ್ನಾನ ಮಾಡಿ ಬಾ" ಎಂದರು. ಶಾಸ್ತ್ರಾಧಾರ ಉಂಟೋ ಇಲ್ಲವೋ ನಾನು ಕೇಳಲಿಲ್ಲ.

ಮರುವರ್ಷ ತಂಗಿಯ ಮಗನ ಮದುವೆ. ಬರಿಮೈಯಲ್ಲಿ, ಪಂಚೆಯ ಮೇಲೆ ಶಾಲನ್ನು ಸೊಂಟಕ್ಕೆ ಸುತ್ತಿ ಒಳಗೆ ಹೋದೆ. ಚೀಲದ ಮೇಲ್ತುದಿ ಕಾಣುತ್ತಿತ್ತು. ಯಾರದೋ ಮನೆಯ ಹುಡುಗ, ನಾಲ್ಕೈದು ವರ್ಷದವನು, "ಅಜ್ಜ, ಅದೆಂತ?" ಎಂದು ಕೇಳಿದ. ಅವನಮ್ಮ ಅವನ ಬಾಯಿ ಮುಚ್ಚಲು ಓಡಿ ಬಂದಳು. "ಅಜ್ಜನ ಹೊಟ್ಟೆಗೆ ಹುಷಾರಿರಲಿಲ್ಲ, ಡಾಕ್ಟರು ಇದನ್ನು ಹಚ್ಚಿದ್ದಾರೆ" ಎಂದೆ. "ನಂಗೂ ಬ್ಯಾಂಡೇಜ್ ಉಂಟು" ಎಂದು ಮೊಣಕಾಲು ತೋರಿಸಿದ. ಮಂಗಳಾರತಿಯ ಹೊತ್ತಿಗೆ ನನ್ನ ಹೊಟ್ಟೆ ದೊಡ್ಡದಾಗಿ ಸದ್ದು ಮಾಡಿತು. ಅದು ಹಾಗೆಯೇ, ಸಮಯ ಸಂದರ್ಭ ನೋಡುವುದಿಲ್ಲ. ಚೆಂಡೆ, ಜಾಗಟೆಗಳ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಅಮ್ಮನಿಗೆ ಆಗ 88. ಅವರಿಗೆ ಹೇಳಬಾರದು ಎಂದು ಮನೆಯವರೆಲ್ಲ ತೀರ್ಮಾನಿಸಿದ್ದೆವು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ನಾನು ಚೀಲ ಬದಲಿಸುವಾಗ ಅಗುಳಿ ಸರಿಯಾಗಿ ಬಿದ್ದಿರಲಿಲ್ಲ, ಅಮ್ಮ ಬಾಗಿಲು ದೂಡಿಕೊಂಡು ಬಂದರು. ನೋಡಿದರು. ಸ್ವಲ್ಪ ಹೊತ್ತು ನಿಂತರು. ಆಮೇಲೆ, "ತೊಳೂಕೆ ಬಿಸ್ನೀರ್ ಬೇಕಾ ಮಗಾ?" ಎಂದು ಕೇಳಿ ಒಲೆಯ ಕಡೆ ಹೋದರು. ಆ ವಿಷಯ ಮತ್ತೆ ಎತ್ತಲೇ ಇಲ್ಲ. ಪ್ರತಿದಿನ ಬೆಳಿಗ್ಗೆ ಒಂದು ತಂಬಿಗೆ ಬಿಸಿನೀರು ಮಾತ್ರ ಬಚ್ಚಲ ಬಾಗಿಲಲ್ಲಿ ಇರುತ್ತಿತ್ತು.

ಈಗೀಗ 'ನಿಮ್ಮ ದೇಹವನ್ನು ಇದ್ದ ಹಾಗೆ ಪ್ರೀತಿಸಿ' ಎಂದು ಉಪದೇಶ ಮಾಡುವವರು ಬಹಳ. ನನಗೆ ಈ ಚೀಲದ ಮೇಲೆ ಪ್ರೀತಿಯೇನೂ ಇಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ವಾಣಿಜ್ಯ ಓದಿದವನ ಭಾಷೆಯಲ್ಲಿ ಹೇಳುವುದಾದರೆ, ಪ್ರತಿ ಆಸ್ತಿಗೂ ಸವಕಳಿ ಉಂಟು, ವರ್ಷಕ್ಕೊಮ್ಮೆ ಅದನ್ನು ಪುಸ್ತಕದಲ್ಲಿ ಬರೆದು ಬೆಲೆ ಇಳಿಸಿಕೊಳ್ಳುತ್ತೇವೆ. ಆಸ್ತಿಯನ್ನು ಮಾತ್ರ ಕೆಲಸದಿಂದ ತೆಗೆಯುವುದಿಲ್ಲ. ನಾನು ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೆಯುತ್ತೇನೆ. ಬೆಲ್ಟ್ ಬಿಟ್ಟೆ, ಜುಬ್ಬಾ ಹಿಡಿದೆ. ಈರುಳ್ಳಿ, ಎಲೆಕೋಸು ತಿಂದ ದಿನ ಚೀಲ ಬಲೂನಾಗುತ್ತದೆ, ಆದ್ದರಿಂದ ಹೊರಗೆ ಹೋಗುವ ಹಿಂದಿನ ರಾತ್ರಿ ಅವನ್ನು ಮುಟ್ಟುವುದಿಲ್ಲ. ಮೀನು ಬಿಡಲು ಆಗಲಿಲ್ಲ. ಲೋಕಲಿನಲ್ಲಿ ಎಡಗೈಯಲ್ಲಿ ಬ್ರೀಫ್‌ಕೇಸನ್ನು ಹೊಟ್ಟೆಗೆ ಅಡ್ಡ ಹಿಡಿದು ನಿಲ್ಲುತ್ತೇನೆ. ಒಳಗೆ ಇರುವುದು ಒಂದು ಚೀಲ, ಒಂದು ಫ್ಲಾಂಜ್, ಒಂದು ಕತ್ತರಿ, ಒಂದು ಜೊತೆ ಬಟ್ಟೆ. ಮೀಸೆಗೆ ಕಪ್ಪು ಹಚ್ಚುವುದನ್ನೂ ನಿಲ್ಲಿಸಿದೆ. ಇಲ್ಲಿ ಮುಂದಿನ ಸಾಲಿನಲ್ಲಿರುವ ಕೆಲವರು ಇನ್ನೂ ನಿಲ್ಲಿಸಿಲ್ಲ, ಅದು ಅವರವರ ಇಷ್ಟ.

ನನ್ನ ಕಥೆ ಸಾಕು. ನನಗೆ ಪಿಂಚಣಿ ಇದೆ, ಮನೆಯೊಳಗೆ ಸ್ವಂತ ಬಚ್ಚಲಿದೆ, ಓದಿಕೊಂಡ ಹೆಂಡತಿ ಇದ್ದಾಳೆ. ಇದೆಲ್ಲ ಇಲ್ಲದವರ ಸಂಗತಿ ಹೇಳಬೇಕು.

ನಮ್ಮ ಕಡೆಯವರೇ ಒಬ್ಬರು, ಹೆಸರು ಹೇಳುವುದಿಲ್ಲ. ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಕಾವಲಿಯ ಮುಂದೆ ನಿಂತವರು. ನನಗೆ ಬಂದ ಕಾಯಿಲೆಯೇ ಅವರಿಗೂ ಬಂತು. ವೈದ್ಯರು ಆಪರೇಷನ್ ಹೇಳಿದರು. ಪರಿಚಿತರೊಬ್ಬರು ಅವರನ್ನು ನನ್ನಲ್ಲಿಗೆ ಕಳಿಸಿದರು. ನಾನು ಅಂಗಿ ಎತ್ತಿ ತೋರಿಸಿದೆ, ಎಲ್ಲ ವಿವರಿಸಿದೆ. ಅವರು ತುಂಬ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ ಮಾತು: "ನಿಮ್ಮದು ಪೆನ್ನಿನ ಕೆಲಸ ರಾಯರೆ. ಈ ಚೀಲ ಕಟ್ಟಿಕೊಂಡವನ ಕೈಯ ದೋಸೆ ಯಾರು ತಿಂತಾರೆ?" ಕೈ ತೊಳೆದ ಮೇಲೆ ಅವರ ಕೈ ಉಳಿದ ಯಾವ ಅಡುಗೆಯವನ ಕೈಯಷ್ಟೇ ಚೊಕ್ಕಟ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಅದನ್ನು ಹೇಳಿದೆ. ಅವರು ಕೇಳಿದ್ದು ವೈದ್ಯಶಾಸ್ತ್ರವನ್ನಲ್ಲ, ನಮ್ಮನ್ನು. ಊರಿಗೆ ಹೋಗಿ ನಾಟಿ ಔಷಧಿ ಮಾಡಿಸಿದರು. ಏಳು ತಿಂಗಳ ಮೇಲೆ ಕರುಳು ಕಟ್ಟಿಕೊಂಡು ಹೊಟ್ಟೆ ಉಬ್ಬಿ ಆಸ್ಪತ್ರೆ ಸೇರಿದರು. ಆಗಲೂ ಸ್ಟೋಮಾ ಮಾಡಲೇಬೇಕಾಯಿತು, ಆದರೆ ರೋಗ ಯಕೃತ್ತಿಗೆ ಹೋಗಿತ್ತು. 2023ರ ಗಣೇಶ ಚತುರ್ಥಿಯ ಮುಂದಿನ ವಾರ ತೀರಿಕೊಂಡರು. ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಳು. ಅವಳ ಫೀಸಿಗೆ ನಮ್ಮ ವಿದ್ಯಾನಿಧಿಯಿಂದ ಹಣ ಹೋಗಿದೆ, ಅದು ನಿಮ್ಮ ಕೈಯಲ್ಲಿರುವ ಲೆಕ್ಕದಲ್ಲಿ ಬೇರೊಂದು ಶೀರ್ಷಿಕೆಯಲ್ಲಿ ಇದೆ.

ಇನ್ನೊಬ್ಬಳು ತಂಗಿ, ಮೂವತ್ತನಾಲ್ಕು ವರ್ಷ, ಚಾಳಿನಲ್ಲಿ ವಾಸ. ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಯಿಂದ ಸಣ್ಣ ಕರುಳನ್ನು ಬಲಗಡೆ ಹೊರಗೆ ತಂದಿದ್ದಾರೆ. ಅದರಿಂದ ಬರುವುದು ನೀರಿನಂತೆ ಇರುತ್ತದೆ, ಚರ್ಮಕ್ಕೆ ತಾಗಿದರೆ ಉರಿದು ಹುಣ್ಣಾಗುತ್ತದೆ. ಗಂಡನಿಗೆ ಗೊತ್ತು, ಅತ್ತೆಗೆ ಚೀಲದ ವಿಷಯ ಗೊತ್ತಿಲ್ಲ. ಲಂಗದ ಲಾಡಿ ಸರಿಯಾಗಿ ಆ ಜಾಗಕ್ಕೇ ಬರುತ್ತದೆಂದು ಸೀರೆ ಬಿಟ್ಟು ಚೂಡಿದಾರ್ ಹಾಕಿದಳು, ಅದಕ್ಕೂ ಮಾತು ಕೇಳಬೇಕಾಯಿತು. ಚಾಳಿನ ಸಾಮಾನ್ಯ ಕಕ್ಕಸಿನ ಮುಂದೆ ದಿನಕ್ಕೆ ಆರೇಳು ಸಲ ಸಾಲು ನಿಲ್ಲಲು ನಾಚಿಕೆ. ಚೀಲ ತುಂಬಬಾರದೆಂದು ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಇಂಥ ಸ್ಟೋಮಾ ಇರುವವರು ಉಳಿದವರಿಗಿಂತ ಹೆಚ್ಚು ನೀರು, ಉಪ್ಪು ತೆಗೆದುಕೊಳ್ಳಬೇಕು. ಮೇ ತಿಂಗಳಲ್ಲಿ ತಲೆ ತಿರುಗಿ ಬಿದ್ದು ಆಸ್ಪತ್ರೆಯಲ್ಲಿ ಮೂರು ದಿನ ಡ್ರಿಪ್ ಹಾಕಿಸಿಕೊಂಡಳು. ಈಗ ನನ್ನ ಹೆಂಡತಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. 'ಅಕ್ಕ' ಎಂದು ಶುರುವಾದರೆ ಅರ್ಧ ಗಂಟೆ.

ಈ ಚೀಲ ಎಲ್ಲಿಂದ ಬಂತು ಎಂಬುದನ್ನು ಓದಿ ತಿಳಿದಾಗ ನನಗೆ ಇವಳ ನೆನಪೇ ಆಯಿತು. 1954ರಲ್ಲಿ ಡೆನ್ಮಾರ್ಕಿನಲ್ಲಿ ಎಲಿಸೆ ಸೊರೆನ್ಸೆನ್ ಎಂಬ ನರ್ಸ್ ಇದ್ದರು. ಅವರ ತಂಗಿ ಥೋರಾಗೆ ಸ್ಟೋಮಾ ಆಯಿತು. ಸೋರಬಹುದೆಂಬ ಭಯದಿಂದ ಆ ತಂಗಿ ಮನೆ ಬಿಟ್ಟು ಹೊರಗೆ ಹೋಗುವುದನ್ನೇ ಬಿಟ್ಟಳು. ಅವಳಿಗಾಗಿ ಅಕ್ಕ ಯೋಚಿಸಿದ್ದು ಚರ್ಮಕ್ಕೆ ಅಂಟಿಕೊಳ್ಳುವ, ಒಮ್ಮೆ ಬಳಸಿ ಬಿಸಾಡುವ ಚೀಲ. ಪ್ಲಾಸ್ಟಿಕ್ ಕಾರ್ಖಾನೆಯವರೊಬ್ಬರನ್ನು ಒಪ್ಪಿಸಿ ಮಾಡಿಸಿದರು. ಒಬ್ಬ ತಂಗಿ ಮನೆಯಿಂದ ಹೊರಗೆ ಬರಲಿ ಎಂದು ಮಾಡಿದ ವಸ್ತು ಅದು.

ಇನ್ನು ದುಡ್ಡಿನ ಮಾತು. ನನ್ನ ಪುಸ್ತಕದ ಪ್ರಕಾರ ಫ್ಲಾಂಜ್, ಚೀಲ, ಪೇಸ್ಟ್ ಎಲ್ಲ ಸೇರಿ ತಿಂಗಳಿಗೆ ಸರಾಸರಿ 3,200 ರೂಪಾಯಿ, ವರ್ಷಕ್ಕೆ 38,400. ನನ್ನ ವಿಮೆ ಆಪರೇಷನ್ ಖರ್ಚು ಕೊಟ್ಟಿತು, ಡಿಸ್ಚಾರ್ಜ್ ಆದ ಮೇಲೆ ಅರುವತ್ತು ದಿನದ ಬಿಲ್ ಕೊಟ್ಟಿತು. ಅರುವತ್ತೊಂದನೆಯ ದಿನದಿಂದ ಸಾಯುವವರೆಗೆ ನನ್ನದೇ. 15,000 ಸಂಬಳದ ವಾಚ್‌ಮನ್ ಇದನ್ನು ಹೇಗೆ ಕೊಂಡುಕೊಳ್ಳಬೇಕು? ಮೂರು ನಾಲ್ಕು ದಿನಕ್ಕೆ ಬದಲಿಸಬೇಕಾದ ಫ್ಲಾಂಜನ್ನು ಹತ್ತು ದಿನ ಎಳೆಯುತ್ತಾರೆ. ಚೀಲ ತೊಳೆದು ತೊಳೆದು ಹರಿಯುವವರೆಗೆ ಬಳಸುತ್ತಾರೆ. ಅದೂ ಆಗದಿದ್ದರೆ ತರಕಾರಿಯ ಪ್ಲಾಸ್ಟಿಕ್ ಚೀಲ ಇಟ್ಟು ಬಟ್ಟೆಯಿಂದ ಸೊಂಟಕ್ಕೆ ಬಿಗಿಯುತ್ತಾರೆ. ಆಗ ಸೋರುತ್ತದೆ, ವಾಸನೆ ಬರುತ್ತದೆ, ಚರ್ಮ ಕಿತ್ತು ಬರುತ್ತದೆ, ಮನುಷ್ಯ ಕೆಲಸಕ್ಕೆ ಹೋಗುವುದಿಲ್ಲ. ಸರಿಯಾದ ಚೀಲ ಸರಿಯಾಗಿ ಹಚ್ಚಿದರೆ ವಾಸನೆಯೇ ಇಲ್ಲ. ಇಷ್ಟು ಹೊತ್ತು ನಾನಿಲ್ಲಿ ನಿಂತಿದ್ದೇನೆ, ಮುಂದಿನ ಸಾಲಿನವರು ಸಾಕ್ಷಿ. ಬಡವನಿಗೆ ನಾಚಿಕೆ ಹೆಚ್ಚು ಎಂದಲ್ಲ, ಅವನ ಚೀಲ ಸೋರುತ್ತದೆ.

ಆದ್ದರಿಂದ ನಮ್ಮ ಉಪಸಮಿತಿಯ ಬೇಡಿಕೆ ಇದು. ಮೊದಲ ವರ್ಷ ಹತ್ತು ಜನರಿಗೆ ಪೂರ್ತಿ ಚೀಲ ಕೊಡೋಣ. 3,84,000 ರೂಪಾಯಿ ಬೇಕು. ಹಣ ಕೊಡುವುದಲ್ಲ, ಸಾಮಾನು ಕೊಡುವುದು. ಒಟ್ಟಾಗಿ ಕೊಂಡರೆ ಬೆಲೆ ಸ್ವಲ್ಪ ಇಳಿಸಬಹುದೆಂದು ನನ್ನ ಅಂದಾಜು. ದಾನಕ್ಕೆ ತೆರಿಗೆ ವಿನಾಯಿತಿಯ ರಸೀದಿ ಕೊಡುತ್ತೇವೆ. 2,000ಕ್ಕಿಂತ ಹೆಚ್ಚಿನದನ್ನು ನಗದಾಗಿ ಕೊಡಬೇಡಿ, ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಹೇಗೂ ಆ ವಿನಾಯಿತಿ ಇಲ್ಲ. ಅದನ್ನು ಮೊದಲೇ ಹೇಳಿದ್ದೇನೆ, ಆಮೇಲೆ ನನ್ನನ್ನು ಹಿಡಿಯಬೇಡಿ.

ಅರ್ಜಿಯ ನಮೂನೆಯನ್ನೂ ಬದಲಿಸಿದ್ದೇವೆ. ಸ್ಟೋಮಾದ ಅರ್ಜಿಯಲ್ಲಿ ಹೆಸರಿನ ಬದಲು ಸಂಖ್ಯೆ ಇರುತ್ತದೆ. ಹೆಸರು ಗೊತ್ತಿರುವುದು ನನಗೆ ಮತ್ತು ಮಹಿಳಾ ವಿಭಾಗದ ಒಬ್ಬ ಸದಸ್ಯೆಗೆ ಮಾತ್ರ. ನನ್ನ ಹಾಗೆ ಮೈಕಿನ ಮುಂದೆ ಹೇಳಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ. ಒಬ್ಬರಿಗೆ ಹೇಳಿದರೆ ಸಾಕು. ಹಚ್ಚುವುದನ್ನು ಕಲಿಯಬೇಕಾದವರಿಗೆ ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಸ್ಟೋಮಾ ಕ್ಲಿನಿಕ್ ಇದೆ, ಮುಂಬಯಿಯಲ್ಲೇ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇದೆ. ಮೊದಲ ಸಲ ಒಬ್ಬರೇ ಹೋಗಲು ಹಿಂಜರಿಕೆಯಾದರೆ ನಾನು ಜೊತೆಗೆ ಬರುತ್ತೇನೆ, ಹೆಂಗಸರಾದರೆ ನನ್ನ ಹೆಂಡತಿ ಬರುತ್ತಾಳೆ.

ಈಗ ಚಹಾ, ಅಂಬೊಡೆ ಬರುತ್ತದೆ. ಅದಾದ ಮೇಲೆ ನಾನು ವಾಚನಾಲಯದ ಪಕ್ಕದ ಕೋಣೆಯಲ್ಲಿ ಇರುತ್ತೇನೆ. ಮೇಜಿನ ಮೇಲೆ ಫ್ಲಾಂಜು, ಚೀಲ, ಹೊಸ ಅರ್ಜಿ ಎಲ್ಲ ಇಟ್ಟಿದ್ದೇನೆ. ಮನೆಯಲ್ಲಿ ಯಾರಿಗಾದರೂ ಬೇಕಾದವರು, ಸುಮ್ಮನೆ ನೋಡಬೇಕೆನ್ನುವವರು, ಯಾರೂ ಬರಬಹುದು. ಬಾಗಿಲು ಹಾಕಿಕೊಂಡಿರುತ್ತೇನೆ, ತಟ್ಟಿ. ಒಬ್ಬೊಬ್ಬರಾಗಿ ಬನ್ನಿ.